ಹಿಟ್ಟಿನ ಹುಂಜದ ಪರವಾಗಿ

ಭರತ ಹುಣ್ಣಿಮೆಯ ಹೊತ್ತಿಗೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಚಕ್ಕಡಿ, ಟ್ರ್ಯಾಕ್ಟರು, ಬಸ್ಸು ಹತ್ತಿ ಲಕ್ಷಗಟ್ಟಲೆ ಜನ ಬರುತ್ತಾರೆ. ಈಚೆಗೆ ಅವರ ನಡುವೆ ರಂಗಭೂಮಿಯವರೂ ಕಾಣಿಸುತ್ತಾರೆ. ಬರಲಿ, ಬರಬೇಕಾದದ್ದೇ. ಆದರೆ ಜಾತ್ರೆ ನೋಡಿಕೊಂಡು ಹೋದವರಲ್ಲಿ ಬಹಳ ಮಂದಿ ಆಡುವ ಮಾತೊಂದಿದೆ. ಅದು ಈಗ ಶಿಬಿರಗಳಲ್ಲಿ ಪಾಠವಾಗಿದೆ, ವಿಚಾರ ಸಂಕಿರಣಗಳಲ್ಲಿ ಸಿದ್ಧಾಂತವಾಗಿದೆ. ಆ ಮಾತು ಹೀಗೆ: ನಮ್ಮ ನಾಟಕ ಸಪ್ಪೆಯಾಯಿತು, ಅದರಲ್ಲಿ ಹಸಿತನವಿಲ್ಲ. ಮೈಲಾರದ ಪವಾಡದಲ್ಲಿ ಹರಿಯುವ ರಕ್ತ ನಿಜ, ಗೊರವನ ಆವೇಶ ನಿಜ, ಜೋಗತಿಯ ಕುಣಿತದಲ್ಲಿರುವ ಕಾಮದ ಕಸುವು ನಿಜ. ಫ್ರಾನ್ಸಿನ ಆಂತೊನಿನ್ ಆರ್ತೋ ಕನಸಿದ ‘ಕ್ರೌರ್ಯದ ರಂಗಭೂಮಿ’ ನಮ್ಮ ಹೊಳೆದಂಡೆಯಲ್ಲೇ ಇದೆ. ಅದನ್ನು ಎತ್ತಿ ರಂಗದ ಮೇಲೆ ತಂದರೆ ಸಾಕು, ಮಧ್ಯಮ ವರ್ಗದ ಪ್ರೇಕ್ಷಕ ಬೆಚ್ಚಿಬೀಳುತ್ತಾನೆ, ನಾಟಕ ದಿಟ್ಟವಾಗುತ್ತದೆ.

ಈ ಮಾತನ್ನು ನಾನು ಒಪ್ಪುವುದಿಲ್ಲ. ಇದರಿಂದ ನಾಟಕಕ್ಕೂ ಕೇಡು, ನಮ್ಮ ಸೀಮೆಯ ಜನರಿಗೂ ಅವಮಾನ.

ಮೊದಲು ಮೈಲಾರದಲ್ಲಿ ನಡೆಯುವುದೇನು ಎಂಬುದನ್ನು ಸರಿಯಾಗಿ ನೋಡೋಣ. ಭವಿಷ್ಯ ನುಡಿಯುವ ಕಾರ್ಣಿಕದ ದಿನ ಡೆಂಕಣಮರಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನು ಏರುತ್ತಾನೆ. ಮೇಲೆ ನಿಂತು ‘ಸದ್ದಲೇ’ ಎಂದೊಡನೆ ಅಷ್ಟು ದೊಡ್ಡ ಜನಸಾಗರ ಗಪ್ಪಾಗುತ್ತದೆ. ಅವನು ನುಡಿಯುವುದು ಒಂದೇ ಸಾಲು. ನುಡಿದು ಕೆಳಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಸಾಲನ್ನು ಹೊತ್ತುಕೊಂಡು ಜನ ಊರಿಗೆ ಹೊರಡುತ್ತಾರೆ. ಮಳೆ ಹೇಗೆ, ಬೆಳೆ ಹೇಗೆ, ರಾಜ್ಯ ಯಾರದು ಎಂದು ವರ್ಷವಿಡೀ ಅದನ್ನು ಬಿಡಿಸುತ್ತ ಕೂರುತ್ತಾರೆ. ಇದೇ ಜಾತ್ರೆಯಲ್ಲಿ ಕಂಚವೀರರ ಪವಾಡವೂ ಇದೆ. ಕಾಲಿನ ಮೀನಖಂಡಕ್ಕೆ ಗೂಟ ಹೊಡೆದು ತೂರಿಸುತ್ತಾರೆ, ಆ ಗಾಯದೊಳಗಿಂದ ಹಗ್ಗ ಎಳೆಯುತ್ತಾರೆ. ಸುತ್ತಲಿನವರ ಬಾಯಲ್ಲಿ ಏಳು ಕೋಟಿಯ ಉಗ್ಗಡಣೆ. ಗಾಯಕ್ಕೆ ಭಂಡಾರ.

ಹತ್ತಿರ ನಿಂತು ನೋಡಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಆ ಕಂಚವೀರ ಯಾರಿಗೂ ಏನನ್ನೂ ತೋರಿಸುತ್ತಿಲ್ಲ. ಮಣಿಕಾಸುರ, ಮಲ್ಲಾಸುರರನ್ನು ಕೊಂದ ದೇವರ ದಂಡಿನವನು ತಾನು, ಅಪ್ಪ ಮಾಡಿದ್ದ, ಅಜ್ಜ ಮಾಡಿದ್ದ, ಈಗ ತನ್ನ ಸರದಿ: ಅಷ್ಟೇ ಅವನ ಲೆಕ್ಕ. ನೋಡುವವನು ಬೆಚ್ಚಿದನೋ ಇಲ್ಲವೋ ಎಂಬುದು ಅವನಿಗೆ ಬೇಡ. ಅದು ದೇವರ ಜೊತೆಗೆ ಮನೆತನವೊಂದು ಮಾಡಿಕೊಂಡ ಕರಾರು. ಆ ಕರಾರು ಇಂದಿಗೂ ನಡೆಯಬೇಕೇ, ಆ ಭಾರ ಅದೇ ಮನೆಯ ಮಕ್ಕಳ ಮೇಲೇ ಬೀಳಬೇಕೇ ಎಂದು ಕೇಳಬೇಕಾದವರು ನಾವೇ, ಈ ಭಾಗದವರೇ. ಹೊರಗಿನಿಂದ ಬಂದವರು ಆ ಪ್ರಶ್ನೆ ಕೇಳುವ ಬದಲು ‘ಎಂಥ ರಂಗಶಕ್ತಿ’ ಎಂದು ಉದ್ಗರಿಸಿದಾಗ ನನಗೆ ಸಂಕಟವಾಗುತ್ತದೆ. ಅವರು ನೋಡಿದ್ದು ಒಬ್ಬ ಮನುಷ್ಯನ ಕಾಲನ್ನು. ಅವನು ನಾಳೆ ಅದೇ ಕಾಲಿನಲ್ಲಿ ಹೊಲಕ್ಕೆ ಹೋಗಬೇಕು.

ಆರ್ತೋನ ಹೆಸರು ಹೇಳುವವರು ಅವನ ಕತೆಯನ್ನೂ ಸ್ವಲ್ಪ ಹೇಳಬೇಕು. 1931ರಲ್ಲಿ ಪ್ಯಾರಿಸ್ಸಿನಲ್ಲಿ ಒಂದು ದೊಡ್ಡ ವಸಾಹತು ಪ್ರದರ್ಶನ ನಡೆಯಿತು. ಯುರೋಪಿನವರು ತಾವು ಆಳುತ್ತಿದ್ದ ನಾಡುಗಳ ಜನರನ್ನೂ ಕಲೆಗಳನ್ನೂ ತಂದು ಅಲ್ಲಿ ನೋಟಕ್ಕಿಟ್ಟಿದ್ದರು. ಆರ್ತೋ ಬಾಲಿ ದ್ವೀಪದ ನರ್ತಕರನ್ನು ಕಂಡದ್ದು ಅಲ್ಲಿ. ಮಾತಿನ ದಾಸ್ಯದಿಂದ ರಂಗಭೂಮಿಯನ್ನು ಬಿಡಿಸುವ ದಾರಿ ಅವನಿಗೆ ಹೊಳೆದದ್ದೂ ಅಲ್ಲೇ. ದೊಡ್ಡ ಪ್ರತಿಭೆ ಅವನದು, ಅನುಮಾನವಿಲ್ಲ. ಆದರೆ ಆ ನರ್ತಕರಿಗೆ ತಮ್ಮ ಕುಣಿತದ ಅರ್ಥವೇನೆಂದು ಅವನು ಕೇಳಲಿಲ್ಲ. ಇನ್ನೊಬ್ಬರ ಆಚರಣೆ ತನ್ನ ಸಪ್ಪೆ ರಂಗಭೂಮಿಗೆ ಮದ್ದು ಎಂಬ ಯೋಚನೆ ಹುಟ್ಟುವಾಗಲೇ ಒಡೆಯನ ಅಂಗಳದಲ್ಲಿ ಹುಟ್ಟಿತು. ಇಂದು ಬೆಂಗಳೂರಿನಿಂದ ಮೈಲಾರಕ್ಕೆ ಬರುವ ಕಣ್ಣಿನಲ್ಲಿ ಅದೇ ನೋಟ ಉಳಿದುಬಂದಿದೆ.

ಇನ್ನೂ ಒಂದು ಮಾತು. ಕ್ರೌರ್ಯವೆಂದರೆ ರಕ್ತ ಹರಿಸುವುದಲ್ಲ ಎಂದು ಆರ್ತೋ ಮತ್ತೆ ಮತ್ತೆ ಹೇಳಿದ್ದ. ಅವನ ಮನಸ್ಸಿನಲ್ಲಿದ್ದದ್ದು ಕಟ್ಟುನಿಟ್ಟು, ಒಂದು ಉಸಿರನ್ನೂ ಬಿಟ್ಟುಕೊಡದ ಶಿಸ್ತು. 1935ರಲ್ಲಿ ಅವನು ಆಡಿಸಿದ ‘ಲೆ ಸೆನ್ಸಿ’ ಮಗಳನ್ನೇ ಕೆಡಿಸುವ ತಂದೆಯ ಕತೆ. ಹದಿನೇಳು ಪ್ರದರ್ಶನಕ್ಕೆ ನಿಂತುಹೋಯಿತು. ನಮ್ಮ ಶಿಬಿರಗಳು ಅವನ ಶಿಸ್ತನ್ನು ಕೈಬಿಟ್ಟು ಶೀರ್ಷಿಕೆಯನ್ನು ಮಾತ್ರ ಹಿಡಿದುಕೊಂಡಿವೆ.

ಇನ್ನು ಕಾಮದ ಮಾತು. ಕನ್ನಡದ ಆಧುನಿಕ ನಾಟಕ ಕಾಮವನ್ನು ಬಿಡುಗಡೆಯ ಶಕ್ತಿಯಾಗಿ ಕಂಡಿತು. ಅದಕ್ಕೆ ಕಾರಣವಿತ್ತು. 1971ರ ‘ಹಯವದನ’ದಲ್ಲಿ ಕಾರ್ನಾಡರ ಪದ್ಮಿನಿ ತನಗೆ ಬುದ್ಧಿಯೂ ಬೇಕು, ಮೈಯೂ ಬೇಕು ಎಂದು ಬಯಸುತ್ತಾಳೆ, ಹಾಗೆ ಬಯಸುವ ಹೆಣ್ಣನ್ನು ಕೆಟ್ಟವಳೆನ್ನದೆ ನೋಡುವುದನ್ನು ಆ ನಾಟಕ ನಮಗೆ ಕಲಿಸಿತು. 1972ರಲ್ಲಿ ಬಂದ ಕಂಬಾರರ ‘ಜೋಕುಮಾರಸ್ವಾಮಿ’ಯಲ್ಲಿ ಬಂಜೆಯೆನಿಸಿಕೊಂಡ ಗೌಡತಿ ಹೊಲ ಉಳುವ ಬಸಣ್ಣನನ್ನು ಕೂಡುತ್ತಾಳೆ, ಗೌಡನ ಬಂದೂಕಿನ ಗತ್ತು ಮುರಿಯುತ್ತದೆ. ಉಳುವವನೇ ಒಡೆಯ ಎಂಬ ಕೂಗು ಎದ್ದಿದ್ದ ಕಾಲ ಅದು. 1974ರ ಭೂಸುಧಾರಣೆ ಕಾಯ್ದೆಯ ಹೊಸ್ತಿಲಲ್ಲಿ ನಾಡು ನಿಂತಿತ್ತು. ಹೊಲವೂ ಹೆಣ್ಣೂ ಉತ್ತವನಿಗೇ ಸೇರಬೇಕೆಂಬ ಹೋಲಿಕೆ ಆಗ ಪ್ರೇಕ್ಷಕರ ಮೈ ನವಿರೇಳಿಸಿತು.

ಕಂಬಾರರ ನಾಟಕ ದೊಡ್ಡದು, ಅದರ ಹಾಡುಗಾರಿಕೆ ಇಂದಿಗೂ ಬಾಡಿಲ್ಲ. ಆದರೆ ಆ ಹೋಲಿಕೆಯನ್ನು ಐವತ್ತು ವರ್ಷ ನಾವು ಪ್ರಶ್ನೆಯಿಲ್ಲದೆ ಹಾಡಿಕೊಂಡು ಬಂದದ್ದು ಸರಿಯಲ್ಲ. ಕೂಡ್ಲಿಗಿಯಲ್ಲಿ, ಹಗರಿಬೊಮ್ಮನಹಳ್ಳಿಯಲ್ಲಿ, ಹರಪನಹಳ್ಳಿಯಲ್ಲಿ ಕೇರಿ ಕೇರಿ ತಿರುಗಿ ನೋಡಿ. ಹೆಣ್ಣನ್ನು ಹೊಲವೆಂದು ತಿಳಿದವರು ಇಲ್ಲಿ ಬರೀ ಕವಿಗಳಲ್ಲ. ಮೈಲಾರದಲ್ಲಿ ಜಾತ್ರೆ ನೆರೆಯುವ ಅದೇ ಭರತ ಹುಣ್ಣಿಮೆಗೆ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಗುಡ್ಡದಲ್ಲೂ ಜನ ನೆರೆಯುತ್ತಾರೆ. ಅಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ಹುಡುಗಿಯರು ಎಷ್ಟೋ ಜನ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿ ಕರ್ನಾಟಕ ಕಾಯ್ದೆ ಮಾಡಿದ್ದು 1982ರಲ್ಲಿ. ಆಮೇಲೆ ನಡೆದ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ ಗುರುತಾದ ದೇವದಾಸಿಯರು 46 ಸಾವಿರಕ್ಕೂ ಹೆಚ್ಚು. ಇಂದಿಗೂ ಆ ಹುಣ್ಣಿಮೆಗೆ ಗುಡ್ಡದಲ್ಲಿ ಅಧಿಕಾರಿಗಳು, ಪೊಲೀಸರು ಕಾವಲಿರಬೇಕು.

ಈ ಸೀಮೆಯ ಹೆಣ್ಣುಮಕ್ಕಳಿಗೆ ಕಾಮವೆಂದರೆ ಗೌಡಿಕೆಯ ವಿರುದ್ಧ ಎದ್ದ ಬಂಡಾಯವಾಗಿರಲಿಲ್ಲ, ಗೌಡಿಕೆಯ ಕಂದಾಯವಾಗಿತ್ತು. ಕೊಟ್ಟವರು ಯಾರು, ವಸೂಲಿ ಮಾಡಿದವರು ಯಾರು ಎಂಬುದು ಊರಿಗೆಲ್ಲ ಗೊತ್ತಿತ್ತು. ಇದನ್ನು ತಿಳಿಯದೆ ಜನಪದವೆಂದರೆ ಕಾಮದ ಹಬ್ಬ, ಹಳ್ಳಿಯೆಂದರೆ ಸಂಕೋಚವಿಲ್ಲದ ಮೈ ಎಂದು ನಿರ್ದೇಶಕನೊಬ್ಬ ತನ್ನ ತಂಡಕ್ಕೆ ವಿವರಿಸಿದರೆ ಅವನು ವಸೂಲಿ ಮಾಡಿದವನ ಬಾಯಿಂದ ಮಾತಾಡುತ್ತಿದ್ದಾನೆ. ಅವನಿಗೆ ಅದು ತಿಳಿಯದಿರಬಹುದು. ಕೇಳಿಸಿಕೊಳ್ಳುವ ನಟಿಗೆ ತಿಳಿಯುತ್ತದೆ.

ನಟಿಯರ ಮಾತು ಬಂತು, ಅದನ್ನು ಸ್ವಲ್ಪ ನಿಂತು ಹೇಳಬೇಕು. ಬಳ್ಳಾರಿ ಸೀಮೆಯ ಹಳ್ಳಿ ನಾಟಕಗಳು ನಿಂತಿರುವುದೇ ಹೊರಗಿನಿಂದ ಕರೆಸುವ ಕಲಾವಿದೆಯರ ಮೇಲೆ. ಮರಿಯಮ್ಮನಹಳ್ಳಿ ಅಂಥ ಕಲಾವಿದೆಯರಿಗೆ ಹೆಸರಾದ ಊರು. ಗಂಡು ಪಾತ್ರಗಳನ್ನು ಊರಿನವರು ತಿಂಗಳುಗಟ್ಟಲೆ ತಾಲೀಮು ಮಾಡಿ ಕಲಿತಿರುತ್ತಾರೆ. ಕಲಾವಿದೆ ಅಂದೇ ಸಂಜೆ ಬಸ್ಸಿಳಿದು, ಮಾಸ್ತರರ ಹಾರ್ಮೋನಿಯಂ ಶ್ರುತಿಗೆ ಒಮ್ಮೆ ಗಂಟಲು ಹೊಂದಿಸಿಕೊಂಡು, ರಾತ್ರಿ ದ್ರೌಪದಿಯಾಗಿ ನಿಲ್ಲುತ್ತಾಳೆ. ನಡುರಾತ್ರಿ ದಾಟಿದ ಮೇಲೆ ಆಯೇರಿ, ಅಂದರೆ ಕಾಣಿಕೆ ಕೊಡುವುದು, ಶುರು. ಮೈಕಿನಲ್ಲಿ ಹೆಸರು ಕೂಗುತ್ತಾರೆ, ಕುಡಿದವನೊಬ್ಬ ನೋಟು, ಪಿನ್ನು ಹಿಡಿದು ಅಟ್ಟ ಹತ್ತುತ್ತಾನೆ. ಅವನ ಕೈ ಎಲ್ಲಿಗೆ ಬರುತ್ತಿದೆ ಎಂಬುದು ಎಲ್ಲರಿಗೂ ಗೊತ್ತು. ಆಗ ಅವಳು ಮಾಡುವುದನ್ನು ನೋಡಬೇಕು. ನಗುಮುಖದಲ್ಲೇ ಅರ್ಧ ಹೆಜ್ಜೆ ಹಿಂದೆ ಸರಿದು, ಬಲಗೈ ಚಾಚಿ ನೋಟು, ಪಿನ್ನು ಎರಡನ್ನೂ ತಾನೇ ತೆಗೆದುಕೊಂಡು, ಸೆರಗಿನ ತುದಿಗೆ ಚುಚ್ಚಿಕೊಂಡು ಕೈ ಮುಗಿಯುತ್ತಾಳೆ. ಅವನಿಗೆ ಅವಮಾನವಾಗಲಿಲ್ಲ, ಇವಳ ಮೈ ಮುಟ್ಟಲೂ ಆಗಲಿಲ್ಲ. ಮರುಗಳಿಗೆ ಅದೇ ಬಾಯಲ್ಲಿ ದ್ರೌಪದಿಯ ಗೋಳು ಏಳುತ್ತದೆ, ಹೆಂಗಸರ ಸಾಲು ಸೆರಗಿಗೆ ಕಣ್ಣೊತ್ತಿಕೊಳ್ಳುತ್ತದೆ.

ಆ ಅರ್ಧ ಹೆಜ್ಜೆಯೇ ರಂಗಭೂಮಿ ಎನ್ನುತ್ತೇನೆ ನಾನು. ತನಗೂ ತನ್ನ ಪಾತ್ರಕ್ಕೂ, ತನಗೂ ನೋಡುವವನಿಗೂ ನಡುವೆ ಅವಳು ಕಾಯ್ದುಕೊಂಡ ಅಂತರ ಅದು. ಅದು ಅವಳ ಮಾನ, ಅವಳ ಕಲೆ, ಅವಳ ಹೊಟ್ಟೆಪಾಡು ಮೂರನ್ನೂ ಒಟ್ಟಿಗೆ ಹೊತ್ತಿದೆ. ನಮ್ಮ ಕ್ರೌರ್ಯವಾದಿಗಳು ಒಡೆಯಬೇಕೆನ್ನುವುದು ಇದೇ ಅಂತರವನ್ನು. ಸಂಕೋಚ ಬಿಡು, ಮೈಯನ್ನು ಒಪ್ಪಿಸು, ನಟಿಸಬೇಡ ಅನುಭವಿಸು ಎಂದು ಅವರು ಎಳೆಯ ಹುಡುಗಿಯರಿಗೆ ಹೇಳುತ್ತಾರೆ. ನಟಿಸಬೇಡ ಎಂದು ನಟಿಗೆ ಹೇಳುವುದೆಂದರೆ ಅವಳ ಕಸುಬನ್ನೇ ಕಿತ್ತುಕೊಂಡಂತೆ.

ಇದು ಕನ್ನಡದ ರೋಗ ಮಾತ್ರವಲ್ಲ. ‘ಜೋಕುಮಾರಸ್ವಾಮಿ’ ಬಂದ 1972ರಲ್ಲೇ ಬರ್ತೊಲುಚಿಯ ‘ಲಾಸ್ಟ್ ಟ್ಯಾಂಗೊ ಇನ್ ಪ್ಯಾರಿಸ್’ ಚಿತ್ರವೂ ಬಂತು. ಅದರ ಬಲಾತ್ಕಾರದ ದೃಶ್ಯದಲ್ಲಿ ಏನಾಗಲಿದೆ ಎಂಬುದನ್ನು ಹತ್ತೊಂಬತ್ತು ವರ್ಷದ ಮರಿಯಾ ಶ್ನೈಡರ್‌ಗೆ ಮೊದಲೇ ಪೂರ್ತಿ ಹೇಳದೆ ಮುಚ್ಚಿಟ್ಟೆವೆಂದು, ತನಗೆ ನಟಿಯ ಪ್ರತಿಕ್ರಿಯೆ ಬೇಕಿರಲಿಲ್ಲ, ಹುಡುಗಿಯ ಪ್ರತಿಕ್ರಿಯೆ ಬೇಕಿತ್ತೆಂದು ನಿರ್ದೇಶಕ 2013ರಲ್ಲಿ ತಾನೇ ಹೇಳಿಕೊಂಡ. ನಾಲ್ಕು ದಶಕ ಜಗತ್ತು ಅದನ್ನು ದಿಟ್ಟ ಕಲೆಯೆಂದು ಹೊಗಳುತ್ತಿತ್ತು. ಆ ಹುಡುಗಿಗೆ ಉಳಿದದ್ದು ಜೀವನವಿಡೀ ಕಾಡಿದ ಅವಮಾನ. ನೆರೆಯ ಕೇರಳದಲ್ಲಿ 2024ರಲ್ಲಿ ಹೊರಬಂದ ಹೇಮಾ ಸಮಿತಿಯ ವರದಿ ಚಿತ್ರರಂಗದ ಹೆಣ್ಣುಮಕ್ಕಳ ಪಾಡನ್ನು ಬಿಚ್ಚಿಟ್ಟಿತು. ರಂಗಭೂಮಿ ತನ್ನ ತಾಲೀಮು ಕೋಣೆಯ ಬಾಗಿಲನ್ನು ಹಾಗೆ ಯಾವತ್ತು ತೆರೆದಿದೆ?

ಅಂತರ ಉಳಿಸಿಕೊಂಡರೆ ನಾಟಕ ಸಪ್ಪೆಯಾಗುತ್ತದೆ ಎಂಬುದು ಅವರ ವಾದದ ಬುಡ. ಆ ಬುಡವೇ ಗಟ್ಟಿಯಿಲ್ಲ. ನಮ್ಮ ಭಾಗದ ಬಯಲಾಟದಲ್ಲಿ ಕುಮಾರರಾಮನ ಆಟ ನೋಡಿದವರಿಗೆ ಇದು ಗೊತ್ತು. ಕುಮ್ಮಟದುರ್ಗದ ಕಂಪಿಲರಾಯನ ಕಿರಿಯ ರಾಣಿ ರತ್ನಾಜಿ ಮಲಮಗನನ್ನು ಬಯಸುತ್ತಾಳೆ. ಚೆಂಡು ಹುಡುಕಿಕೊಂಡು ಅವಳ ಅರಮನೆಗೆ ಬಂದ ರಾಮ ಅವಳನ್ನು ನಿರಾಕರಿಸುತ್ತಾನೆ. ಅವಳು ಅವನ ಮೇಲೆಯೇ ಅಪವಾದ ಹೊರಿಸುತ್ತಾಳೆ, ರಾಯ ಮಗನ ತಲೆ ತರಿಸಲು ಆಜ್ಞೆ ಮಾಡುತ್ತಾನೆ. ಕಾಮ, ಕ್ರೌರ್ಯ ಎರಡೂ ಇಷ್ಟು ಬೆಂಕಿಯಾಗಿ ಕೂಡಿದ ಕತೆ ಇನ್ನೊಂದಿಲ್ಲ. ಅಟ್ಟದ ಮೇಲೆ ರತ್ನಾಜಿಯಾಗಿ ನಿಂತವನು ಮೊದಲೆಲ್ಲ ಹಗಲು ಹೊಲದಲ್ಲಿ ದುಡಿದು ಬಂದ ಗಂಡಸೇ. ಅವನು ರಾಮನ ಕೈ ಹಿಡಿಯುವುದೂ ಅಪರೂಪ. ಪದ, ಮಾತು, ಕುಣಿತ, ಮತ್ತೆ ಪದ. ಬಯಕೆ ಗಂಟೆಗಟ್ಟಲೆ ಕಾಯುತ್ತದೆ. ಸಾರಥಿ ನಡುವೆ ಬಾಯಿ ಹಾಕಿ ಜನರನ್ನು ನಗಿಸುತ್ತಾನೆ, ಅವಳು ಮತ್ತೆ ಎತ್ತಿಕೊಳ್ಳುತ್ತಾಳೆ. ಅವಳನ್ನು ಪಾಪಿಯೆನ್ನುವ ಮೊದಲು ಊರು ಅಷ್ಟು ಹೊತ್ತು ಅವಳ ಒಳಗನ್ನು ಕೇಳಿಸಿಕೊಂಡಿರುತ್ತದೆ. ಐದು ನಿಮಿಷದಲ್ಲಿ ಬಟ್ಟೆ ಕಳಚುವ ಆಧುನಿಕ ದೃಶ್ಯಕ್ಕೆ ಆ ತಾಳ್ಮೆಯೂ ಇಲ್ಲ, ಆ ಮರ್ಯಾದೆಯೂ ಇಲ್ಲ.

ಕ್ರೌರ್ಯದ ವಿಷಯವೂ ಹಾಗೆಯೇ. ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ಯನ್ನು ಈ ಸೀಮೆ ಎಷ್ಟು ಸಲ ಆಡಿದೆಯೋ ಲೆಕ್ಕವಿಲ್ಲ. ಅದರ ನಡುವಿರುವುದು ದ್ರೌಪದಿಯ ಮಲಗಿದ್ದ ಮಕ್ಕಳ ಕೊಲೆ. ಜನ ತಡೆಯಲಾರದೆ ಅಳುವುದು ಕತ್ತಿಯ ಏಟಿಗಲ್ಲ, ತಾಯಿಯ ಮಾತಿಗೆ. ನಗರದ ನಾಟಕದಲ್ಲೂ ಇದಕ್ಕೆ ಸಾಕ್ಷಿಯಿದೆ. 1972ರಲ್ಲಿ ಬೆಂಗಳೂರಿನ ಬಯಲು ರಂಗದಲ್ಲಿ ಕಾರಂತರು ಆಡಿಸಿದ, ಲಂಕೇಶರು ಕನ್ನಡಕ್ಕೆ ತಂದ ‘ಈಡಿಪಸ್’ ನೆನೆಯಿರಿ. ದೊರೆ ಕಣ್ಣು ಕಿತ್ತುಕೊಳ್ಳುವುದನ್ನು ಸೊಫೊಕ್ಲಿಸ್ ತೋರಿಸುವುದೇ ಇಲ್ಲ, ಸೇವಕ ಬಂದು ಹೇಳುತ್ತಾನೆ; ನಾವು ಅದನ್ನು ನಮ್ಮ ಕಣ್ಣೊಳಗೆ ನೋಡುತ್ತೇವೆ. ಮರಾಠಿಯಲ್ಲಿ ತೆಂಡುಲ್ಕರರ ‘ಗಿಧಾಡೆ’ಯನ್ನು ಶ್ರೀರಾಮ ಲಾಗೂ ರಂಗಕ್ಕೆ ತಂದಾಗ ಹೆಣ್ಣಿನ ಸೀರೆಯ ಮೇಲಿನ ರಕ್ತದ ಕಲೆಗೆ ಸೆನ್ಸಾರಿನವರು ತಕರಾರು ತೆಗೆದರು. ಲಾಗೂ ಕಲೆಯನ್ನು ನೀಲಿ ಮಾಡಿ, ನೀಲಿಯನ್ನು ಕೆಂಪೆಂದು ತಿಳಿಯಿರೆಂದು ಪ್ರೇಕ್ಷಕರಿಗೇ ಹೇಳಿದರು. ನೀಲಿ ಕಲೆ ಯಾವ ಕೆಂಪಿಗೂ ಕಡಿಮೆಯಾಗಲಿಲ್ಲ. ‘ಹಯವದನ’ದಲ್ಲಿ ಇಬ್ಬರು ಗೆಳೆಯರು ಕಾಳಿಯ ಎದುರು ತಲೆ ಕಡಿದುಕೊಳ್ಳುತ್ತಾರೆ, ಕಾರ್ನಾಡರ ಕಾಳಿ ಆಕಳಿಸುತ್ತಾಳೆ. ಆ ತಲೆಗಳು ಮುಖವಾಡಗಳೆಂದು ನಾಟಕವೇ ಒಪ್ಪಿಕೊಂಡಿದೆ, ಆದ್ದರಿಂದಲೇ ಅದಲುಬದಲಾದ ತಲೆಗಳ ಸಂಕಟ ನಮ್ಮದಾಗುತ್ತದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರಬಹುದು, ಅದೂ ನಮ್ಮ ಕಾವ್ಯದೊಳಗಿನಿಂದಲೇ. 1209ರಲ್ಲಿ ಜನ್ನ ‘ಯಶೋಧರ ಚರಿತೆ’ ಬರೆದ. ಅದರ ಮೊದಲಿಗೇ ಚಂಡಮಾರಿಯ ಜಾತ್ರೆಯಿದೆ; ಎಂಟು ನೂರು ವರ್ಷದ ಹಿಂದೆಯೇ ಕನ್ನಡದ ಕವಿಯೊಬ್ಬ ಅಂಥ ಜಾತ್ರೆಯನ್ನು ಮೆಚ್ಚಿಕೆಯಿಂದಲ್ಲ, ಸಂಕಟದಿಂದ ಬರೆದ. ರಾಣಿ ಅಮೃತಮತಿ ರಾತ್ರಿ ಕೇಳಿದ ಹಾಡಿಗೆ ಸೋತು ಕುರೂಪಿ ಮಾವುತನ ಬಳಿಗೆ ಹೋಗುತ್ತಾಳೆ, ತಡವಾಯಿತೆಂದು ಅವನು ಹೊಡೆದರೂ ಸಹಿಸುತ್ತಾಳೆ. ಬೆನ್ನು ಹತ್ತಿದ ಯಶೋಧರ ಎತ್ತಿದ ಕತ್ತಿಯನ್ನು ತಡೆದುಕೊಳ್ಳುತ್ತಾನೆ. ಆಮೇಲೆ ತಾಯಿಯ ಮಾತಿಗೆ ಕಟ್ಟುಬಿದ್ದು ನಿಜವಾದ ಪ್ರಾಣಿಯ ಬದಲು ಹಿಟ್ಟಿನ ಹುಂಜವನ್ನು ಬಲಿ ಕೊಡುತ್ತಾನೆ. ಕತ್ತಿ ಬಿದ್ದೊಡನೆ ಹಿಟ್ಟಿನ ಹುಂಜ ಕೂಗಿಬಿಡುತ್ತದೆ. ಆ ಒಂದು ಏಟಿಗೆ ತಾಯಿ ಮಗ ಜನ್ಮಜನ್ಮಾಂತರ ನೋಯುತ್ತಾರೆ. ಕಾರ್ನಾಡರು 1980ರಲ್ಲಿ ಇದನ್ನೇ ‘ಹಿಟ್ಟಿನ ಹುಂಜ’ ಮಾಡಿದರು. ಹಾಗಾದರೆ ನಟನೆಯ ಹಿಂಸೆಯೂ ಹಿಂಸೆಯೇ, ರಂಗದ ಮೇಲಿನ ಬಣ್ಣದ ರಕ್ತಕ್ಕೂ ನಿಜದ ರಕ್ತಕ್ಕೂ ವ್ಯತ್ಯಾಸವಿಲ್ಲ ಎಂದಲ್ಲವೇ ಜನ್ನ ಹೇಳಿದ್ದು?

ಹೌದು, ಸಂಕಲ್ಪವೂ ಕೊಲ್ಲುತ್ತದೆ ಎಂದು ಜನ್ನ ಹೇಳಿದ. ನಾನು ಅದನ್ನು ಪೂರ್ತಿ ನಂಬುತ್ತೇನೆ. ಆದರೆ ಆ ಮಾತು ಬೀಳುವುದು ಕ್ರೌರ್ಯವಾದಿಗಳ ತಲೆಯ ಮೇಲೆ. ಹಿಟ್ಟಿನ ಹುಂಜವೇ ಕೂಗಬಲ್ಲದಾದರೆ ನಿಜದ ಹುಂಜದ ಕತ್ತು ಯಾಕೆ ಬೇಕು? ನಟಿಯ ಮೈ ಯಾಕೆ ಬೇಕು, ಕಂಚವೀರನ ಕಾಲು ಯಾಕೆ ಬೇಕು? ಮುಂದಿನ ಸಾಲಿನಲ್ಲಿ ಕೂತವನ ಮನಸ್ಸಿನಲ್ಲಿ ಬಲಾತ್ಕಾರದ ದೃಶ್ಯ ಎಬ್ಬಿಸುವ ಸಂಕಲ್ಪ ಯಾವುದು? ಮರುಕವೋ, ನಾಚಿಕೆಯೋ, ಬಾಯಿ ಚಪ್ಪರಿಕೆಯೋ? ಇದಕ್ಕೆ ನಿರ್ದೇಶಕ ಉತ್ತರ ಹೇಳಲೇಬೇಕು. ಪ್ರೇಕ್ಷಕ ಬೆಚ್ಚಿಬಿದ್ದ ಎಂಬುದು ಉತ್ತರವಲ್ಲ. ಅಪಘಾತ ನೋಡಿದರೂ ಜನ ಬೆಚ್ಚುತ್ತಾರೆ.

ನನ್ನ ಮಾತನ್ನು ಸಂಸ್ಕೃತಿ ರಕ್ಷಕರು ತಮ್ಮ ಕಡೆಗೆ ಎಳೆದುಕೊಳ್ಳಬಾರದು. ನಾಟಕದಲ್ಲಿ ಕಾಮ ಬೇಡ, ಹಿಂಸೆ ಬೇಡ, ನೀತಿ ಮಾತ್ರ ಸಾಕು ಎನ್ನುವವರ ಜೊತೆ ನನಗೆ ಏನೂ ಕೆಲಸವಿಲ್ಲ. ರೇಣುಕೆಯ ಮನಸ್ಸು ಒಂದು ಗಳಿಗೆ ಚಂಚಲವಾಯಿತು, ಗಂಡನ ಆಜ್ಞೆಗೆ ಮಗನೇ ಅವಳ ತಲೆ ಕಡಿದ. ಆ ಕತೆಯನ್ನು ಕುಣಿದು ಹಾಡಿ ಉಳಿಸಿದವರು ಜೋಗತಿಯರು, ಊರು ಹೊರಗಿಟ್ಟ ಜನ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ತಮ್ಮ ‘ನಡುವೆ ಸುಳಿವ ಹೆಣ್ಣು’ ಆತ್ಮಕತೆಯಲ್ಲಿ ತಾವು ಉಂಡ ನೋವು, ಅತ್ಯಾಚಾರ, ಹಸಿವು ಯಾವುದನ್ನೂ ಮುಚ್ಚಿಟ್ಟಿಲ್ಲ. ಆದರೆ ತಲೆಯ ಮೇಲೆ ಕೊಡ ಹೊತ್ತು ಕುಣಿಯುವಾಗ ಅವರು ತಮ್ಮ ಗಾಯವನ್ನು ಮಾರಲಿಲ್ಲ. ಕೈ ಸೋಕದೆ ಕೊಡ ನಿಲ್ಲಬೇಕಾದರೆ ಕತ್ತು, ಸೊಂಟ, ಪಾದ ಎಷ್ಟು ವರ್ಷ ಪಳಗಿರಬೇಕು! ಆರ್ತೋ ಕೇಳಿದ ಕಟ್ಟುನಿಟ್ಟು ಅದೇ. 2019ರಲ್ಲಿ ಅವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ಶಿಬಿರಗಳಿಗೆ ಅವರಂಥವರನ್ನು ಕರೆಸುವುದಾದರೆ ಆವೇಶ ನೋಡಲಿಕ್ಕೆ ಬೇಡ, ಆ ಕೊಡದ ವಿದ್ಯೆ ಕಲಿಯಲಿಕ್ಕೆ ಕರೆಸಿ.

ಕಾಮ ಕ್ರೌರ್ಯಗಳ ಬಗ್ಗೆ ನಿಜವಾಗಿ ದಿಟ್ಟವಾದ ನಾಟಕ ಬೇಕೆನ್ನುವವರಿಗೆ ವಸ್ತು ಇಲ್ಲೇ ಬಿದ್ದಿದೆ. ಕುಮಾರರಾಮನ ಕತೆಯಲ್ಲಿ ಮಂತ್ರಿ ಬೈಚಪ್ಪ ರಾಮನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟು ರಾಯನಿಗೆ ಬೇರೆಯವರ ತಲೆ ತೋರಿಸುತ್ತಾನೆ. ರಾಮ ಉಳಿದನೆಂದು ಇಡೀ ಬಯಲು ನಿಟ್ಟುಸಿರು ಬಿಡುತ್ತದೆ. ಆ ತಲೆಗಳು ಯಾರವು? ಯಾವ ಕೇರಿಯವು, ಅವರ ಹೆಂಡಿರು ಮಕ್ಕಳು ಯಾರು, ರಾಣಿಯ ಬಯಕೆಗೂ ರಾಯನ ಸಿಟ್ಟಿಗೂ ಅವರೇ ಯಾಕೆ ಬೆಲೆ ತೆರಬೇಕಾಯಿತು? ನನಗೆ ತಿಳಿದ ಮಟ್ಟಿಗೆ ಯಾವ ಭಾಗವತನೂ ಅವರಿಗೆ ಒಂದು ಪದ ಕಟ್ಟಿಲ್ಲ, ಯಾವ ಆಧುನಿಕ ನಾಟಕಕಾರನೂ ಒಂದು ದೃಶ್ಯ ಬರೆದಿಲ್ಲ. ಬರೆಯಿರಿ. ಅದಕ್ಕೆ ಒಂದು ಹನಿ ರಕ್ತ ಬೇಡ, ಯಾರೂ ಬಟ್ಟೆ ಕಳಚಬೇಕಿಲ್ಲ. ಆ ಹೆಂಡಿರ ಪಾತ್ರ ಮಾಡಬಲ್ಲ ಕಲಾವಿದೆಯರು ಮರಿಯಮ್ಮನಹಳ್ಳಿಯಲ್ಲಿದ್ದಾರೆ. ಪಾತ್ರ ಕೊಡುವಾಗ ಸಂಬಳವೆಷ್ಟೆಂದು ಮೊದಲೇ ಹೇಳಿ, ಆಯೇರಿಗೆಂದು ಯಾರೂ ಅಟ್ಟ ಹತ್ತದಂತೆ ನೋಡಿಕೊಳ್ಳಿ.